ಯಾರು, ಯಾವಾಗ: ಬೆಂಗಳೂರಿನ ಓಡಾಟದ ನಡುವೆ ದಾಂಪತ್ಯ ಗಟ್ಟಿ ಇಟ್ಟುಕೊಳ್ಳುವ ಬಗೆ

ನಮ್ಮ ಮದುವೆಯಾಗಿ ಹನ್ನೊಂದನೇ ವರ್ಷ. ಒಂದು ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ನಾಲ್ಕು ದಿನ ಪೂರ್ತಿ ವಾಟ್ಸಾಪಿನಲ್ಲೇ ಸಂಸಾರ ಮಾಡಿದೆವು. ಮನೆ ವಿಜಯನಗರ, ಅವಳ ಆಫೀಸು ವೈಟ್‌ಫೀಲ್ಡ್, ನನ್ನ ಕೆಲಸ ಪೀಣ್ಯ. ಬೆಳಗ್ಗೆ ಆರೂವರೆಗೆ ಕಂಪನಿ ಬಸ್ಸು ಹತ್ತಿದರೆ ಅವಳು ಮನೆ ಸೇರುವಾಗ ರಾತ್ರಿ ಎಂಟೂವರೆ. ‘ಹಾಲು ತಂದ್ಯಾ?’ ‘ಗ್ಯಾಸ್ ಬುಕ್ ಮಾಡು.’ ‘ಅಮ್ಮನ ಬಿಪಿ ಮಾತ್ರೆ ಮುಗಿದಿದೆ.’ ಇಷ್ಟೇ ಮಾತು. ಐದನೇ ದಿನ ಮಗಳು ಕೇಳಿದಳು, ‘ನೀವಿಬ್ರೂ ಟೂ ಬಿಟ್ಟಿದೀರಾ?’

ನಾವು ಟೂ ಬಿಟ್ಟಿರಲಿಲ್ಲ. ಜಗಳವೇ ಆಗಿರಲಿಲ್ಲ. ಜಗಳ ಆಡೋಕೂ ಪುರುಸೊತ್ತು ಇರಲಿಲ್ಲ ಅನ್ನೋದೇ ನಿಜ.

ನಾನು ಆಪ್ತಸಮಾಲೋಚಕ ಅಲ್ಲ. ಹದಿನೇಳು ವರ್ಷದ ಸಂಸಾರದಲ್ಲಿ ಎಡವಿ ಕಲಿತದ್ದನ್ನು ಬರೆಯುತ್ತಿದ್ದೇನೆ. ನಮಗೆ ಕಮ್ಮಿ ಬಿದ್ದದ್ದು ಪ್ರೀತಿ ಅಲ್ಲ. ಯಾವ ಕೆಲಸ ಯಾರದು, ಯಾವ ಮಾತು ಯಾವಾಗ, ಯಾರ ಮನೆಯವರಿಗೆ ಯಾರು ಹೇಳಬೇಕು ಅನ್ನೋದು ತೀರ್ಮಾನ ಆಗಿರಲಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಆ ಎರಡೇ ಪ್ರಶ್ನೆಗೆ ಉತ್ತರ: ಯಾರು, ಯಾವಾಗ.

ಹೆಜ್ಜೆ 1: ಒಂದು ವಾರ ಸುಮ್ನೆ ಲೆಕ್ಕ ಬರೆಯಿರಿ

ಏನನ್ನೂ ಬದಲಾಯಿಸುವ ಮುಂಚೆ ಒಂದು ವಾರ ಗಮನಿಸಿ. ನಮ್ಮ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ನಿಮ್ಮಲ್ಲೂ ಇರಬಹುದು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಗುರುತು ಹಾಕುವ ಆ ಚೌಕದಲ್ಲೇ ದಿನಾ ರಾತ್ರಿ ಒಂದು ಅಂಕಿ ಬರೆಯಿರಿ. ಆ ದಿನ ಇಬ್ಬರೂ ಎಷ್ಟು ನಿಮಿಷ ಮಾತಾಡಿದಿರಿ ಅನ್ನುವ ಅಂಕಿ. ರೇಷನ್, ಫೀಸು, ಇಎಂಐ, ಮಕ್ಕಳ ಹೋಂವರ್ಕ್ ವಿಷಯ ಲೆಕ್ಕಕ್ಕಿಲ್ಲ.

ನಮ್ಮ ಮೊದಲ ವಾರದ ಮೊತ್ತ 26 ನಿಮಿಷ. ಅದರಲ್ಲಿ ಹದಿನೈದು ನಿಮಿಷ ಭಾನುವಾರದ್ದು, ಅದೂ ಕರೆಂಟ್ ಹೋಗಿದ್ದಕ್ಕೆ.

ಒಂದು ಎಚ್ಚರಿಕೆ. ಈ ಲೆಕ್ಕ ತೋರಿಸಿ ‘ನೋಡು, ನೀನು ಮಾತೇ ಆಡಲ್ಲ’ ಅಂತ ವಾದಕ್ಕೆ ಇಳಿಯಬೇಡಿ. ಅದು ಸಾಕ್ಷಿ ಅಲ್ಲ, ಥರ್ಮಾಮೀಟರ್ ಅಷ್ಟೆ.

ಹೆಜ್ಜೆ 2: ಕಾಫಿಯ ಹದಿನೈದು ನಿಮಿಷ

ದಿನಕ್ಕೆ ಒಂದು ಗಂಟೆ ಜೊತೆಗೆ ಕೂರಿ ಅಂತ ಹೇಳುವವರು ಈ ಊರಿನಲ್ಲಿ ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋದವರಲ್ಲ. ಹದಿನೈದು ನಿಮಿಷ ಸಾಕು. ಆದರೆ ದಿನಾ ಅದೇ ಹೊತ್ತಿಗೆ ಇರಬೇಕು.

ನಮ್ಮದು ಬೆಳಗ್ಗೆಯ ಕಾಫಿ. ರಾತ್ರಿ ಮಲಗುವ ಮುಂಚೆ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹುಯ್ದಿಡುವುದು ನನ್ನ ಕೆಲಸ. ಬೆಳಗ್ಗೆ ಹಾಲು ಕಾಯಿಸಿ ಬೆರೆಸುವುದು ಅವಳದು. ಆರಕ್ಕೆ ಬಾಲ್ಕನಿಯಲ್ಲಿ ಇಬ್ಬರೂ ಕೂರುತ್ತೇವೆ. ಫೋನುಗಳು ಹಾಲ್‌ನಲ್ಲಿ ಚಾರ್ಜಿಗೆ ಇರುತ್ತವೆ. ಅಮ್ಮ ಆ ಹೊತ್ತಿಗೆ ದೇವರ ಮನೆಯಲ್ಲಿರುತ್ತಾಳೆ. ಮಗಳು ಏಳುವುದು ಆರೂ ಕಾಲಿಗೆ. ಅಂದರೆ ಈ ಕಾಲು ಗಂಟೆ ನಾವು ಯಾರಿಂದಲೂ ಕಿತ್ತುಕೊಂಡದ್ದಲ್ಲ, ಅಲ್ಲೇ ಬಿದ್ದಿತ್ತು.

ಒಂದೇ ನಿಯಮ: ಆ ಹೊತ್ತಿನಲ್ಲಿ ದುಡ್ಡಿನ ಮಾತಿಲ್ಲ, ಇಬ್ಬರ ಅಮ್ಮಂದಿರ ಮಾತೂ ಇಲ್ಲ. ಮೊದಲ ಕೆಲವು ದಿನ ಏನು ಮಾತಾಡಬೇಕೋ ತೋಚಲಿಲ್ಲ. ಎದುರಿನ ಮನೆಯ ಪಾರಿವಾಳಗಳ ಬಗ್ಗೆ ಮಾತಾಡಿದೆವು. ಮೂರನೇ ವಾರದಲ್ಲಿ ಅವಳು ತನ್ನ ಆಫೀಸಿನಲ್ಲಿ ಆರು ತಿಂಗಳಿಂದ ನಡೆಯುತ್ತಿದ್ದ ಒಂದು ಕಿರಿಕಿರಿ ಹೇಳಿದಳು. ಆರು ತಿಂಗಳು! ನನಗೆ ಗೊತ್ತೇ ಇರಲಿಲ್ಲ.

(ಕಾಫಿಪುಡಿಗೆ ಚಿಕೋರಿ ಎಷ್ಟು ಅನ್ನುವ ವ್ಯಾಜ್ಯ ನಮ್ಮಲ್ಲಿ ಬಹಳ ಕಾಲ ನಡೆಯಿತು. ಅವಳಿಗೆ ಚಿಕೋರಿ ಬೇಕು, ನನಗೆ ಬೇಡ. ಕೊನೆಗೆ ಇಬ್ಬರಿಗೂ ಸ್ವಲ್ಪ ಸ್ವಲ್ಪ ಬೇಜಾರಾಗುವಂಥ ಪ್ರಮಾಣಕ್ಕೆ ಬಂದು ನಿಂತಿದ್ದೇವೆ.)

ಪಾಳಿಯ ಕೆಲಸ ಇರುವವರಿಗೆ ಬೆಳಗಿನ ಹೊತ್ತು ಹೊಂದದೆ ಇರಬಹುದು. ಆಗ ರಾತ್ರಿ ಊಟದ ತಟ್ಟೆ ಎತ್ತಿದ ಮೇಲಿನ ಹೊತ್ತು, ಅಥವಾ ಮೆಟ್ರೋ ಇಳಿದು ಮನೆಗೆ ನಡೆಯುವಾಗಿನ ಫೋನು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಪೂರ್ತಿ ಓಡಲು ಶುರುವಾದ ಮೇಲೆ ನನ್ನ ಹೆಂಡತಿ ಬಸ್ಸು ಬಿಟ್ಟಳು. ಉಳಿದ ಸಮಯ ಎಲ್ಲಿಗೆ ಹೋಯಿತು ಅಂತ ನೋಡಿದರೆ ಮೊದಲ ತಿಂಗಳು ಪೂರ್ತಿ ರೀಲ್ಸ್‌ಗೆ ಹೋಗಿತ್ತು, ಇಬ್ಬರದ್ದೂ. ಸಮಯ ಉಳಿದರೆ ಸಾಲದು, ಅದಕ್ಕೆ ಹೆಸರು ಇಡಬೇಕು.

ಹೆಜ್ಜೆ 3: ‘ಇಲ್ನೋಡು’ ಅಂದಾಗ ನೋಡಿ

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಹೊಸ ದಂಪತಿಗಳನ್ನು ಕೂರಿಸಿ, ಅವರು ಸಹಜವಾಗಿ ಇರುವಾಗ ಹೇಗೆ ಮಾತಾಡುತ್ತಾರೆ ಅಂತ ಗಮನಿಸಿದರು. ಆರು ವರ್ಷದ ಮೇಲೆ ಅದೇ ಜೋಡಿಗಳನ್ನು ಮತ್ತೆ ವಿಚಾರಿಸಿದರು. ಜೊತೆಗೇ ಉಳಿದವರು, ಮೊದಲ ಸಲ ನೋಡಿದಾಗ, ಸಂಗಾತಿಯ ಸಣ್ಣ ಕರೆಗಳಿಗೆ ನೂರರಲ್ಲಿ ಸುಮಾರು 86 ಸಲ ಓಗೊಟ್ಟಿದ್ದರು. ಬೇರೆಯಾದವರು ಸುಮಾರು 33 ಸಲ.

ಸಣ್ಣ ಕರೆ ಅಂದರೆ ಏನು? ‘ಮೂಲೆಮನೆಯವರು ಮಾವಿನ ಮರ ಕಡಿಸ್ತಾ ಇದಾರೆ ನೋಡು.’ ‘ಇವತ್ತು ನಿಮ್ಮ ಮೇಷ್ಟ್ರು ಮಾರ್ಕೆಟ್‌ನಲ್ಲಿ ಸಿಕ್ಕಿದ್ರು.’ ಇಂಥವೇ. ಮಾವಿನ ಮರದಿಂದ ನಿಮಗೆ ಏನೂ ಆಗಬೇಕಾಗಿಲ್ಲ. ಆದರೂ ಕತ್ತೆತ್ತಿ ‘ಅಯ್ಯೋ, ಯಾಕಂತೆ?’ ಅನ್ನಿ. ಫೋನು ನೋಡುತ್ತಲೇ ‘ಹೂಂ’ ಅಂದರೆ ಅದು ಓಗೊಟ್ಟ ಲೆಕ್ಕ ಅಲ್ಲ. ನನ್ನ ‘ಹೂಂ’ಗಳನ್ನು ನನ್ನ ಹೆಂಡತಿ ಎರಡು ಥರ ಮಾಡಿಟ್ಟಿದ್ದಾಳೆ, ಕೇಳಿಸಿಕೊಂಡ ಹೂಂ ಮತ್ತು ಸುಮ್ನೆ ಹೂಂ. ತಪ್ಪದೆ ಗುರುತು ಹಿಡಿಯುತ್ತಾಳೆ.

ಮನೆಗೆ ಬಂದ ಮೊದಲ ಹತ್ತು ನಿಮಿಷಕ್ಕೂ ಇದೇ ಮಾತು. ಚಪ್ಪಲಿ ಬಿಡುತ್ತಿರುವವರ ಮೇಲೆ ‘ಸಂಪ್ ಖಾಲಿ, ಟ್ಯಾಂಕರ್ ಬಂದಿಲ್ಲ’ ಅಂತ ಎರಚಬೇಡಿ. ಟ್ಯಾಂಕರ್ ಹತ್ತು ನಿಮಿಷ ತಡವಾಗಿ ಬಂದರೂ ಟ್ಯಾಂಕರೇ.

ಹೆಜ್ಜೆ 4: ಜಗಳಕ್ಕೂ ಒಂದು ವ್ಯವಸ್ಥೆ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಅನ್ನುತ್ತಾರೆ. ಗಾದೆ ಹುಟ್ಟಿದ ಕಾಲದಲ್ಲಿ ಮಲಗುವ ಮನೆಯಲ್ಲಿ ಎರಡು ಫೋನು ಇರಲಿಲ್ಲ. ಈಗ ಉಂಡು, ಬೆನ್ನು ತಿರುಗಿಸಿ, ತಂತಮ್ಮ ಪರದೆ ನೋಡುತ್ತ ನಿದ್ದೆ ಹೋಗಬಹುದು. ಜಗಳ ಮುಗಿದಿರುವುದಿಲ್ಲ, ಹಾಗೇ ಹಳಸಿರುತ್ತದೆ.

ನಮ್ಮ ಕ್ರಮ ಹೀಗಿದೆ. ದನಿ ಏರಿತು ಅನ್ನಿಸಿದ ಕೂಡಲೇ ಇಬ್ಬರಲ್ಲಿ ಒಬ್ಬರು ‘ಈಗ ಬೇಡ’ ಅನ್ನಬಹುದು. ಆದರೆ ಹಾಗಂದವರೇ ಯಾವಾಗ ಅಂತಲೂ ಹೇಳಬೇಕು: ‘ಊಟ ಆದ್ಮೇಲೆ, ಒಂಬತ್ತೂವರೆಗೆ.’ ಹೊತ್ತು ಹೇಳದೆ ಎದ್ದು ಹೋದರೆ ಅದು ತಪ್ಪಿಸಿಕೊಂಡ ಹಾಗೆ. ಇದಕ್ಕೆ ದೇಹದ ಕಾರಣವೂ ಇದೆ. ಸಿಟ್ಟಿನಲ್ಲಿ ಎದೆಬಡಿತ ನಿಮಿಷಕ್ಕೆ ನೂರು ದಾಟಿದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹತ್ತುವುದಿಲ್ಲ, ಇಳಿಯಲು ಕನಿಷ್ಠ 20 ನಿಮಿಷ ಬೇಕು ಅಂತ ಅದೇ ಗಾಟ್‌ಮನ್ ಹೇಳುತ್ತಾರೆ. ಆ ಇಪ್ಪತ್ತು ನಿಮಿಷ ಮುಂದಿನ ವಾದ ಹೊಸೆಯುತ್ತ ಕೂತರೆ ಪ್ರಯೋಜನವಿಲ್ಲ. ಪಾತ್ರೆ ತೊಳೆಯಿರಿ, ಬಟ್ಟೆ ಮಡಚಿ, ಮಹಡಿ ಮೇಲೆ ಹೋಗಿ ಗಿಡಕ್ಕೆ ನೀರು ಹಾಕಿ.

ಬಾಯಿಂದ ಬರಬಾರದ ಮಾತು ಎರಡು. ‘ನೀನು ಯಾವಾಗ್ಲೂ ಹಿಂಗೇ’ ಒಂದು. ‘ನಿಮ್ಮ ಮನೆಯವರೆಲ್ಲ ಹಿಂಗೇ’ ಇನ್ನೊಂದು. ಎರಡನೆಯದಂತೂ ಹದಿನೈದು ವರ್ಷ ನೆನಪಿರುತ್ತದೆ. ನಾನೇ ಆಡಿ ನೋಡಿದ್ದೇನೆ.

ಇನ್ನು ಕ್ಷಮೆ. ನಮ್ಮ ಮನೆಗಳಲ್ಲಿ ಸಾರಿ ಕೇಳುವ ಅಭ್ಯಾಸ ಕಮ್ಮಿ. ಎರಡು ಮೊಳ ಮಲ್ಲಿಗೆ ತಂದು ಟೇಬಲ್ ಮೇಲಿಟ್ಟರೆ ಆಯಿತು ಅಂದುಕೊಳ್ಳುತ್ತೇವೆ. ಮಲ್ಲಿಗೆ ತನ್ನಿ, ಬೇಡ ಅನ್ನಲ್ಲ. ಆದರೆ ಯಾವ ತಪ್ಪಿಗೆ ಅಂತ ಬಾಯಿಬಿಟ್ಟು ಹೇಳಿ. ‘ನಿನ್ನೆ ನಿಮ್ಮ ತಮ್ಮನ ಎದುರಿಗೆ ಹಾಗೆ ಅಂದದ್ದು ತಪ್ಪಾಯ್ತು.’ ಅಷ್ಟು ಸಾಕು. ಅದಕ್ಕೆ ‘ಆದ್ರೆ ನೀನೂ…’ ಸೇರಿಸಿದರೆ ಮಲ್ಲಿಗೆಯ ದುಡ್ಡೂ ದಂಡ.

ಹೆಜ್ಜೆ 5: ನಿಮ್ಮ ಮನೆಯವರಿಗೆ ನೀವೇ ಹೇಳಿ

ಇದು ಎಲ್ಲಕ್ಕಿಂತ ಮುಖ್ಯ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನಮ್ಮ ಮದುವೆಯ ಎರಡನೇ ವರ್ಷ. ಗೌರಿ ಹಬ್ಬಕ್ಕೆ ಅವಳು ಅರಸೀಕೆರೆಯ ತವರಿಗೆ ಹೋಗಬೇಕು ಅಂದುಕೊಂಡಿದ್ದಳು. ಅಮ್ಮನಿಗೆ ಅದು ಇಷ್ಟವಿರಲಿಲ್ಲ. ನಾನು ಜಾಣತನ ಮಾಡಿದೆ. ‘ನೀನೇ ಅಮ್ಮನ ಹತ್ರ ಕೇಳು’ ಅಂದೆ. ಅವಳು ಕೇಳಿದಳು. ಅಮ್ಮ ಏನೂ ಅನ್ನಲಿಲ್ಲ, ಮುಖ ತಿರುಗಿಸಿದಳು. ಅವಳು ಊರಿಗೆ ಹೋಗಿ ಬಂದಳು. ಮುಂದಿನ ಒಂದು ವರ್ಷ ಅಡುಗೆಮನೆಯಲ್ಲಿ ಆ ಹಬ್ಬ ಮುಗಿಯಲೇ ಇಲ್ಲ. ಸಾರಿಗೆ ಹುಳಿ ಜಾಸ್ತಿಯಾದರೂ ಆ ಹಬ್ಬವೇ ಕಾರಣ.

ತಪ್ಪು ನನ್ನದು. ಮಗ ಹೇಳಿದ್ದರೆ ಅಮ್ಮ ಅರ್ಧ ದಿನ ಬೈದು ಮರೆಯುತ್ತಿದ್ದಳು. ಮಗನ ಮೇಲಿನ ಸಿಟ್ಟಿಗೆ ಆಯಸ್ಸು ಕಮ್ಮಿ. ಸೊಸೆ ಕೇಳಿದ್ದರಿಂದ ಅದು ಮಾನದ ಪ್ರಶ್ನೆ ಆಯಿತು.

ಆಮೇಲೆ ಮಾಡಿಕೊಂಡ ನಿಯಮ ಇದು. ಕಹಿ ಸುದ್ದಿ, ಬೇಡ ಅನ್ನುವ ಮಾತು, ದುಡ್ಡಿಲ್ಲ ಅನ್ನುವ ಮಾತು ನನ್ನ ಮನೆಯವರಿಗೆ ನಾನೇ ಹೇಳಬೇಕು, ಅವಳ ಮನೆಯವರಿಗೆ ಅವಳೇ. ಹೇಳುವಾಗ ‘ನಾವಿಬ್ಬರೂ ಹೀಗೆ ಅಂದುಕೊಂಡಿದ್ದೇವೆ’ ಅನ್ನಬೇಕು. ‘ಅವಳು ಬೇಡ ಅಂತಾಳೆ’ ಅನ್ನಬಾರದು. ಸಿಹಿ ಸುದ್ದಿಗೆ ಉಲ್ಟಾ ಮಾಡಿ. ಪ್ರಮೋಷನ್ ಆಯ್ತು, ಹೊಸ ಫ್ರಿಜ್ ತಗೊಂಡ್ವಿ, ಮುಂದಿನ ವಾರ ಬರ್ತಿದೀವಿ ಅನ್ನೋದನ್ನು ಅಳಿಯ ಅತ್ತೆಮನೆಗೆ ಹೇಳಲಿ, ಸೊಸೆ ಅತ್ತೆಗೆ ಹೇಳಲಿ. ತಿಂಗಳಿಗೆ ನಾಲ್ಕು ಸಲ ನಾನೇ ಅರಸೀಕೆರೆಗೆ ಫೋನ್ ಮಾಡುತ್ತೇನೆ, ಹೆಂಡತಿ ಪಕ್ಕದಲ್ಲಿ ಇಲ್ಲದಾಗ. ಮಾವನ ಹತ್ತಿರ ಮಾತು ಸಿಗದಿದ್ದರೆ ತೆಂಗಿನ ಬೆಲೆ ಕೇಳುತ್ತೇನೆ. ಅಲ್ಲಿಗೆ ಇಪ್ಪತ್ತು ನಿಮಿಷ ನಿಶ್ಚಿಂತೆ.

ಹಬ್ಬಗಳ ಲೆಕ್ಕ ವರ್ಷದ ಶುರುವಿನಲ್ಲೇ ಮುಗಿಸಿ. ಹೊಸ ಕ್ಯಾಲೆಂಡರ್ ಬಂದ ಭಾನುವಾರ ಇಬ್ಬರೂ ಪೆನ್ನು ಹಿಡಿದು ಕೂರಿ. ಯುಗಾದಿ ಎಲ್ಲಿ, ವರಮಹಾಲಕ್ಷ್ಮಿ ಎಲ್ಲಿ, ಗೌರಿ-ಗಣೇಶ ಎಲ್ಲಿ, ದಸರಾ ರಜೆ ಎಲ್ಲಿ, ದೀಪಾವಳಿ ಎಲ್ಲಿ. ದೀಪಾವಳಿ ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಹೊಸದಾಗಿ ಮದುವೆಯಾದವರಿಗೆ ಮೊದಲ ಆಷಾಢ ತವರಿನಲ್ಲಿ, ಮೊದಲ ದೀಪಾವಳಿ ಅಳಿಯನಿಗೆ ಅತ್ತೆಮನೆಯಲ್ಲಿ ಅಂತ ಹಿರಿಯರೇ ಹೇಳಿಬಿಡುತ್ತಾರೆ. ತೊಡಕು ಶುರುವಾಗುವುದು ಎರಡನೇ ವರ್ಷದಿಂದ. ಹಬ್ಬಕ್ಕೆ ಎಂಟು ದಿನ ಇರುವಾಗ ಮೆಜೆಸ್ಟಿಕ್‌ನಿಂದ ಹೊರಡುವ ಬಸ್ಸಿಗೆ ಸೀಟೂ ಸಿಗಲ್ಲ, ಸಮಾಧಾನವೂ ಸಿಗಲ್ಲ.

ಅಪ್ಪ ಅಮ್ಮ ಜೊತೆಗೇ ಇದ್ದರೆ ಇನ್ನೊಂದು ವಿಷಯ. ಊರಿನಿಂದ ಬಂದ ಹಿರಿಯರಿಗೆ ಬೆಂಗಳೂರಿನ ಎರಡನೇ ಮಹಡಿ ಬಹಳ ಬೇಜಾರಿನ ಜಾಗ. ಜಗುಲಿ ಇಲ್ಲ, ಹೋಗಿಬರುವವರಿಲ್ಲ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಬಾಗಿಲು ಹಾಕಿಕೊಂಡು ಕೂತವರು ನೀವು ಬಂದ ಕೂಡಲೇ ಏನಾದರೂ ತಕರಾರು ತೆಗೆದರೆ ಅದು ಬರೀ ಸೊಸೆಯ ಮೇಲಿನ ತಕರಾರು ಅಲ್ಲ. ಅಮ್ಮನಿಗೆ ಹತ್ತಿರದ ದೇವಸ್ಥಾನದ ಭಜನೆ ಗುಂಪು ಸಿಕ್ಕಿದ ಮೇಲೆ ನಮ್ಮ ಮನೆಯ ಮಾತುಕತೆಯ ದನಿ ಎರಡು ಮೆಟ್ಟಿಲು ಇಳಿಯಿತು. ಅವರಿಗೆ ಮನೆಯ ಒಂದು ಬೀಗದ ಕೈ ಕೊಡಿ, ಕೈಯಲ್ಲಿ ಸ್ವಲ್ಪ ಕಾಸು ಕೊಡಿ, ಹೊರಗೆ ಹೋಗೋಕೆ ಒಂದು ನೆಪ ಕೊಡಿ.

ಊಟಕ್ಕೆ ಕೂತಾಗ ‘ಅಮ್ಮನ ಸಾರಿನ ಥರ ಇಲ್ಲ’ ಅನ್ನುವ ಗಂಡಸರಿಗೆ ಒಂದು ಸಲಹೆ: ಅಮ್ಮನ ಹತ್ತಿರ ಕಲಿತು ನೀವೇ ಮಾಡಿ. ನಾನು ಕಲಿತೆ. ಈಗ ನನ್ನ ಸಾರೂ ಅಮ್ಮನ ಥರ ಇಲ್ಲ.

ಹೆಜ್ಜೆ 6: ಸಹಾಯ ಬೇಡ, ಪೂರ್ತಿ ಕೆಲಸ ತಗೊಳ್ಳಿ

‘ನಾನು ಮನೆಕೆಲಸದಲ್ಲಿ ಸಹಾಯ ಮಾಡ್ತೀನಿ’ ಅಂತ ಹೇಳುವ ಗಂಡಂದಿರು ತುಂಬ ಜನ. ಸಹಾಯ ಅಂದರೆ ಆ ಕೆಲಸ ಇನ್ನೊಬ್ಬರದು ಅಂತ ಒಪ್ಪಿಕೊಂಡ ಹಾಗೆ. ದಣಿವು ಬರೋದು ಕೈಕೆಲಸದಿಂದ ಮಾತ್ರ ಅಲ್ಲ, ನೆನಪಿಟ್ಟುಕೊಳ್ಳೋದರಿಂದ. ಕಾವೇರಿ ನೀರು ಯಾವ ದಿನ ಬಿಡ್ತಾರೆ, ಒಣಕಸದ ಗಾಡಿ ಯಾವತ್ತು ಬರುತ್ತೆ, ಮಗುವಿನ ಶಾಲೆಗೆ ಯಾವ ಬಣ್ಣದ ಚಾರ್ಟ್ ಬೇಕು, ಅತ್ತೆಯ ಕಣ್ಣಿನ ತಪಾಸಣೆ ಯಾವಾಗ. ಇದೆಲ್ಲ ಒಬ್ಬರ ತಲೆಯಲ್ಲೇ ಓಡುತ್ತಿದ್ದರೆ ಆ ತಲೆ ಸಂಜೆಗೆ ಬಿಸಿಯಾಗುವುದು ಸಹಜ.

ಅದಕ್ಕೆ ಕೆಲಸವನ್ನು ಬುಡಸಮೇತ ಹಂಚಿಕೊಳ್ಳಿ. ನಮ್ಮಲ್ಲಿ ನೀರು, ಕಸ, ಅಮ್ಮನ ಔಷಧಿ ಪೂರ್ತಿ ನನ್ನದು. ನೆನಪಿಸುವುದೂ ನನ್ನದೇ. ಮರೆತರೆ ಬೈಸಿಕೊಳ್ಳುವುದೂ ನಾನೇ. ಶಾಲೆ, ಬ್ಯಾಂಕು ಅವಳದು. ಅಡುಗೆ ವಾರದ ದಿನ ಹಂಚಿಕೆ. ಅವಳ ಕೆಲಸದಲ್ಲಿ ನಾನು ತಪ್ಪು ಹುಡುಕುವ ಹಾಗಿಲ್ಲ, ನನ್ನ ಕೆಲಸ ಅವಳ ರೀತಿಯಲ್ಲೇ ಆಗಬೇಕು ಅಂತಲೂ ಇಲ್ಲ. ಈ ಎರಡನೆಯದು ಅವಳಿಗೆ ಕಷ್ಟವಾಯಿತು. ಹಸಿಕಸದ ಬಕೆಟ್ ನಾನು ತೊಳೆಯುವ ರೀತಿ ನೋಡಿ ಇವತ್ತಿಗೂ ಹುಬ್ಬೇರಿಸುತ್ತಾಳೆ. ಆದರೆ ಬಾಯಿ ಬಿಡುವುದಿಲ್ಲ.

ಹೆಜ್ಜೆ 7: ತಿಂಗಳಿಗೊಮ್ಮೆ ದುಡ್ಡಿನ ಮಾತು

ಇದಕ್ಕೆ ಜಾಸ್ತಿ ಹೇಳಬೇಕಾಗಿಲ್ಲ. ಸಂಬಳ ಬಂದ ಮೊದಲ ಭಾನುವಾರ ಅರ್ಧ ಗಂಟೆ. ಬಾಡಿಗೆ ಅಥವಾ ಸಾಲದ ಕಂತು, ಚೀಟಿ, ಫೀಸು, ಎರಡೂ ಮನೆಗೆ ಕಳಿಸುವ ದುಡ್ಡು, ಎಲ್ಲ ಒಂದೇ ಹಾಳೆಯಲ್ಲಿ. ಒಂದು ಮಿತಿ ಹಾಕಿಕೊಳ್ಳಿ. ನಮ್ಮದು ಐದು ಸಾವಿರ. ಅದರ ಮೇಲಿನ ಖರ್ಚಿಗೆ ಇನ್ನೊಬ್ಬರನ್ನು ಕೇಳಬೇಕು, ಕೆಳಗಿನದನ್ನು ಕೇಳುವಂತಿಲ್ಲ. ನೆಂಟರಿಗೆ ಸಾಲ ಕೊಡುವ ಮಾತಿದ್ದರೆ ಎಷ್ಟೇ ಚಿಕ್ಕದಾದರೂ ಇಬ್ಬರಿಗೂ ಗೊತ್ತಿರಲಿ. ಗುಟ್ಟಾಗಿ ಕೊಟ್ಟ ಸಾಲ ವಾಪಸ್ ಬಂದರೂ ಕಳೆದುಕೊಂಡ ನಂಬಿಕೆ ಜೊತೆಗೆ ಬರುವುದಿಲ್ಲ.

ಹೆಜ್ಜೆ 8: ದುಡ್ಡಿಲ್ಲದ ಸುತ್ತಾಟ

ವಾರಕ್ಕೊಮ್ಮೆ ಒಂದು ಗಂಟೆ, ಮಕ್ಕಳಿಲ್ಲದೆ. ಮಾಲ್ ಬೇಡ, ಅಲ್ಲಿ ಮಾತಿಗಿಂತ ಬಿಲ್ಲು ಜಾಸ್ತಿ. ಲಾಲ್‌ಬಾಗ್‌ನ 240 ಎಕರೆಯಲ್ಲಿ ಕೂರೋಕೆ ಜಾಗ ಸಿಗುತ್ತದೆ. ಕೆಂಪೇಗೌಡರ ಗೋಪುರ ಇರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೂತರೆ ಇಎಂಐ ಒಂಚೂರು ಚಿಕ್ಕದಾಗಿ ಕಾಣುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ, ಒಂದು ಸೇರು ಕಡಲೆಕಾಯಿ ಹಿಡಿದು ಸಿಪ್ಪೆ ಸುಲಿಯುತ್ತ ನಡೆಯಿರಿ. ಕೈಗೆ ಕೆಲಸ ಇದ್ದರೆ ಫೋನು ಜೇಬಲ್ಲೇ ಇರುತ್ತದೆ. ದೂರ ಅನ್ನಿಸಿದರೆ ನಿಮ್ಮ ಬೀದಿ ಕೊನೆಯ ದರ್ಶಿನಿ ಸಾಕು. ಒಂದು ಪ್ಲೇಟ್ ಇಡ್ಲಿ, ಬೈ ಟೂ ಕಾಫಿ.

ಈ ಹೆಜ್ಜೆಗಳು ಯಾವುದಕ್ಕೆ ಅಲ್ಲ

ಹೊಡೆತ, ಬೆದರಿಕೆ, ಹೊರಗೆ ಹೋಗಲು ಬಿಡದಿರುವುದು, ಸಂಬಳ ಕಿತ್ತುಕೊಳ್ಳುವುದು ಜಗಳ ಅಲ್ಲ. ಅದಕ್ಕೆ ಕಾಫಿಯೂ ಕಡಲೆಕಾಯಿಯೂ ಮದ್ದಲ್ಲ. ‘ಹೊಂದಿಕೊಂಡು ಹೋಗು’ ಅನ್ನುವ ಮಾತು ಅಲ್ಲಿ ತಪ್ಪು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮೈಗೆ ಬಿದ್ದ ಪೆಟ್ಟು ಮಾತ್ರವಲ್ಲ, ಮಾತಿನ ಹಿಂಸೆ, ಹಣದ ಹಿಂಸೆಯೂ ಸೇರಿವೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಹಿಂಸೆ ಇಲ್ಲ, ಆದರೆ ಒಬ್ಬರಿಗೆ ತಿಂಗಳುಗಟ್ಟಲೆ ನಿದ್ದೆ ಇಲ್ಲ, ಮಂಕು ಕವಿದಿದೆ, ಕುಡಿತ ಏರುತ್ತಿದೆ ಅಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಮ್ಮೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಮನೋವೈದ್ಯಕೀಯ ವಿಭಾಗ ಇದೆ. ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋಗುವಾಗ ಯಾರೂ ಮುಖ ಮುಚ್ಚಿಕೊಳ್ಳುವುದಿಲ್ಲ, ಅಲ್ವಾ?

ಶುರು ಮಾಡುವುದು ಹೇಗೆ

ಎಂಟನ್ನೂ ಒಂದೇ ಸೋಮವಾರ ಶುರು ಮಾಡಬೇಡಿ. ‘ಇವತ್ತಿಂದ ನಮ್ಮ ಸಂಸಾರ ಸುಧಾರಿಸೋಣ’ ಅಂತ ಘೋಷಣೆ ಬೇಡ. ಎದುರಿನವರಿಗೆ ಗಾಬರಿಯಾಗುತ್ತದೆ. ಲೆಕ್ಕದ ವಾರ ಮುಗಿದ ರಾತ್ರಿ ಡಿಕಾಕ್ಷನ್ ಹಾಕಿಟ್ಟು ಮಲಗಿ, ಅಷ್ಟೆ. ತಿಂಗಳಾದ ಮೇಲೆ ಕ್ಯಾಲೆಂಡರ್ ಕೆಲಸ, ಆಮೇಲೆ ದುಡ್ಡಿನ ಹಾಳೆ. ತಪ್ಪಿದ ದಿನಗಳು ಬರುತ್ತವೆ. ಹೋದ ತಿಂಗಳು ನಾವೇ ಒಂಬತ್ತು ದಿನ ಕಾಫಿ ತಪ್ಪಿಸಿದೆವು, ಮಗಳ ಪರೀಕ್ಷೆ ನೆಪ.

ನಮ್ಮ ಕ್ಯಾಲೆಂಡರ್‌ನಲ್ಲಿ ಈ ವರ್ಷದ ದೀಪಾವಳಿಯ ಚೌಕದಲ್ಲಿ ‘ಅರಸೀಕೆರೆ’ ಅಂತ ಬರೆದಿದೆ, ಅವಳ ಅಕ್ಷರ. ಅಮ್ಮ ಅದನ್ನು ಇನ್ನೂ ನೋಡಿಲ್ಲ, ಅವಳ ಕನ್ನಡಕ ರಿಪೇರಿಗೆ ಹೋಗಿದೆ. ಹೇಳಬೇಕಾದವನು ನಾನು. ಗುರುವಾರ ಕನ್ನಡಕ ಬರುತ್ತದೆ, ಅಷ್ಟರೊಳಗೆ ಹೇಳಬೇಕು.